ಧನಿಷ್ಠಾ ಹತ್ತಿದ ಮಧ್ಯಾಹ್ನ

ನಕ್ಷತ್ರ ನೋಡಿ ಹೆಜ್ಜೆ ಇಡುವ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ನಂಬಿಕೆ ಇಲ್ಲ ಎಂದು ಮೆತ್ತಗೆ ಹೇಳಿ ಸುಮ್ಮನಾಗುವ ಸ್ವಭಾವ ನನ್ನದಲ್ಲ; ಸಿಟ್ಟು ಬರುತ್ತದೆ. ಆಗಲೂ ಬರುತ್ತಿತ್ತು, ಇವತ್ತಿಗೂ ಬರುತ್ತದೆ. ಈಗ ಹೇಳಹೊರಟ ಸಂಗತಿಯನ್ನು ಓದಿ, ಕೊನೆಗೆ ಇವಳೂ ಪಂಚಾಂಗಕ್ಕೆ ಶರಣಾದಳು ನೋಡಿ ಎಂದು ಯಾರಾದರೂ ಖುಷಿಪಡುವ ಆಸೆ ಇಟ್ಟುಕೊಂಡಿದ್ದರೆ ಆ ಆಸೆಯನ್ನು ಇಲ್ಲಿಯೇ ಬಿಟ್ಟುಬಿಡಿ. ನಾನು ಶರಣಾಗಿಲ್ಲ. ನನ್ನ ಬದುಕಿನಲ್ಲಿ ಒಂದೇ ಒಂದು ತಾಸಿನ ಲೆಕ್ಕ ಹತ್ತುತ್ತಿಲ್ಲ. ಅದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ.

ಸಿಟ್ಟಿಗೆ ಕಾರಣ ಇತ್ತು. ನಾನು ಹುಟ್ಟಿದ್ದು ಧನಿಷ್ಠಾ ನಕ್ಷತ್ರದಲ್ಲಂತೆ. ಇಪ್ಪತ್ತೇಳರಲ್ಲಿ ಇಪ್ಪತ್ಮೂರನೆಯದು. ಅದಕ್ಕೆ ಅಷ್ಟವಸುಗಳು ದೇವತೆಗಳು, ಕುಜ ಒಡೆಯ, ಮದ್ದಳೆ ಗುರುತು. ಆ ನಕ್ಷತ್ರದಲ್ಲಿ ಗಂಡು ಹುಟ್ಟಿದರೆ ಧನವಂತನಾಗುತ್ತಾನೆ, ಧೈರ್ಯವಂತನಾಗುತ್ತಾನೆ, ಕೈಬಿಚ್ಚಿ ಕೊಡುತ್ತಾನೆ, ತಾಳ ಕೇಳಿದರೆ ಮೈಮರೆಯುತ್ತಾನೆ. ಹೆಣ್ಣು ಹುಟ್ಟಿದರೆ ಅದೇ ಧೈರ್ಯಕ್ಕೆ ಹಟ ಎಂದು ಹೆಸರು. ಮಾತು ಜೋರು, ಸಂಸಾರ ಕೂಡಿಬರುವುದು ಕಷ್ಟ ಎಂದು ಪುಸ್ತಕದಲ್ಲಿ ಬರೆದಿದೆಯಂತೆ. ಬಾದಾಮಿಯ ಕಡೆಯಿಂದ ಒಂದು, ಹುನಗುಂದದ ಕಡೆಯಿಂದ ಒಂದು, ಹೀಗೆ ಎರಡು ಸಂಬಂಧಗಳು ನನ್ನ ಮುಖ ನೋಡುವ ಮೊದಲೇ ನನ್ನ ನಕ್ಷತ್ರ ಕೇಳಿ ವಾಪಸಾಗಿದ್ದವು. ಹೋದರೆ ಹೋಗಲಿ, ಅದರ ದುಃಖ ನನಗೇನೂ ಆಗಲಿಲ್ಲ. ಆದರೆ ಗೋಡೆಯ ಮೇಲೆ ಬಸವಣ್ಣನ ಪಟ ತೂಗುಹಾಕಿ, ಮುಂಜಾನೆ ಎದ್ದು ಅದಕ್ಕೆ ಕೈಮುಗಿದು, ಆಮೇಲೆ ಅದೇ ಪಟದ ಕೆಳಗೆ ಚಾಪೆ ಹಾಸಿ ಪಂಚಾಂಗ ಬಿಚ್ಚುವ ಜನಕ್ಕೆ ನಾಚಿಕೆಯಾದರೂ ಬೇಡವೇ? ನಮ್ಮ ಮನೆತನದಲ್ಲಿ ಇಂಥವರೇ ತುಂಬಿದ್ದರು. ಅಪ್ಪ ಒಬ್ಬ ಹಾಗಿರಲಿಲ್ಲ.

ಅಪ್ಪ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಕಮತಗಿಯ ಕನ್ನಡ ಸಾಲೆಯಲ್ಲಿ ಶಿಕ್ಷಕಿಯಾಗಿ ಸೇರಿ ಅಲ್ಲಿಯೇ ಒಂದು ಕೋಣೆ ಹಿಡಿದು ಇದ್ದೆ. ಶನಿವಾರ ಸಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ಊರಲ್ಲಿ ಅಪ್ಪ, ಅವ್ವ ಇಬ್ಬರೇ. ಮನೆ ಅಂದರೆ ಮುಂದೊಂದು ಪಡಸಾಲೆ, ಹಿಂದೊಂದು ಕೋಣೆ, ಅದರ ಹಿಂದೆ ಅಡಿಗೆಮನೆ. ಪಡಸಾಲೆಯ ಬಹುಪಾಲು ಮಗ್ಗಕ್ಕೇ ಹೋಗಿತ್ತು. ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಬೀದಿ ಬಾಗಿಲಿನಿಂದ ಒಳಗಿನ ಕೋಣೆಗೆ ಹೋಗಬೇಕಾದರೆ ಕುಣಿಯನ್ನು ಬಳಸಿಕೊಂಡೇ ಹೋಗಬೇಕು. ಅವ್ವ ಒಂಬತ್ತು ವರ್ಷದವಳಿದ್ದಾಗಿನಿಂದ ಮಗ್ಗಕ್ಕೆ ಕೂತವಳು. ಹಬ್ಬ ಬಿಟ್ಟರೆ ಕುಣಿಯಲ್ಲಿ ಕಾಲಿಡದ ದಿನ ಅವಳ ಬದುಕಿನಲ್ಲಿ ಇರಲಿಲ್ಲ. ಮೈಯಲ್ಲಿ ಹುಷಾರಿಲ್ಲದಿದ್ದರೂ ನಾಲ್ಕು ಸಲ ಲಾಳಿ ಓಡಿಸಿದರೆ ಆರಾಮ ಆಗುತ್ತದೆ ಎನ್ನುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಅಪ್ಪನ ಉಬ್ಬಸ ಜಾಸ್ತಿಯಾಯಿತು. ಬಾಗಲಕೋಟೆಯ ದವಾಖಾನೆಗೆ ಎರಡು ಸಲ ಕರೆದುಕೊಂಡು ಹೋದೆವು. ಎರಡನೆಯ ಸಲ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಮನೆಯಲ್ಲಿಯೇ ಇಟ್ಟುಕೊಂಡು ಚೆನ್ನಾಗಿ ನೋಡಿಕೊಳ್ಳಿ ಎಂದರು. ಅಷ್ಟು ಹೇಳಿದರೆ ತಿಳಿಯದಷ್ಟು ದಡ್ಡಿ ನಾನಲ್ಲ. ಹಾಸಿಗೆ ಹಿಡಿಯುವ ಮುಂಚೆ ಅಪ್ಪ ಒಂದು ಹಾಸು ಹೂಡಿಟ್ಟಿದ್ದ. ಹಾಸು ಎಂದರೆ ಮಗ್ಗದ ಉದ್ದಕ್ಕೂ ಕಟ್ಟುವ ಎಳೆಗಳು. ಸೂಜಿ ಮಲ್ಲಿಗೆ ನಮೂನೆಯದು. ನಾಲ್ಕು ಎಳೆ ಹಾಕುವುದು, ಗೋಡೆಗೆ ಆತು ಕೂತು ಉಸಿರು ಹಿಡಿಯುವುದು, ಮತ್ತೆ ನಾಲ್ಕು ಎಳೆ. ಎರಡು ದಿನದ ಕೆಲಸಕ್ಕೆ ಹನ್ನೆರಡು ದಿನ ತೆಗೆದುಕೊಂಡ. ಯಾರನ್ನೂ ಹತ್ತಿರ ಬರಗೊಡಲಿಲ್ಲ. ಅದು ತನ್ನ ಕೊನೆಯ ಹಾಸು ಎಂದು ಅವನಿಗೆ ಗೊತ್ತಿತ್ತು. ಅದನ್ನು ಅವ್ವ ನೇಯತೊಡಗಿದ್ದಳು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಜೀವ ಹೋದರೆ ಆ ಗಳಿಗೆಗೇ ಮಗ್ಗ ನಿಲ್ಲಬೇಕು. ಮೇಲೆ ಎಷ್ಟೇ ಹಾಸು ಉಳಿದಿರಲಿ, ಅದನ್ನು ಕತ್ತರಿಸಿ ಹೆಣದ ಜೊತೆ ಮಣ್ಣಿಗೆ ಹಾಕಬೇಕು. ಅಜ್ಜ ಸತ್ತಾಗ ಹಾಗೆ ಕತ್ತರಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಅಪ್ಪನಿಗೆ ಅದೊಂದೇ ಚಿಂತೆಯಾಗಿತ್ತು.

ದೀಪಾವಳಿ ಮುಗಿದು ಎಂಟು ದಿನ ಆಗಿತ್ತು. ನಾನು ರಜೆ ಹಾಕಿ ಊರಲ್ಲೇ ಇದ್ದೆ. ಅವತ್ತು ಮುಂಜಾನೆ ಅವ್ವ ಅಪ್ಪನ ಪಕ್ಕ ಕೂತಿದ್ದಾಗ ಅವನು ಎಷ್ಟು ಉಳಿದಿದೆ ಎಂದು ಕೇಳಿದ. ಅವ್ವ ಒಂದೂವರೆ ಮೊಳ ಇರಬಹುದು ಎಂದಳು. 

"ಇಲ್ಲಿ ಕುಂತು ನನ್ನ ಮಾರಿ ಏನ್ ನೋಡ್ತಿ? ಹೋಗು, ಮುಗಿಸಿ ಇಳಸು. ಅದು ಇಳದದ್ದು ಗೊತ್ತಾದ್ರ ನಂಗ ಸಮಾಧಾನ" ಎಂದ.

ಅವ್ವ ಎದ್ದು ಹೋಗಿ ಕುಣಿಗೆ ಇಳಿದಳು. ಅಪ್ಪ ನನ್ನ ಕೈ ಹಿಡಿದುಕೊಂಡ. "ಯವ್ವಾ, ನಡುವ ನಂಗೇನರ ಆದ್ರ ಮಗ್ಗ ನಿಲ್ಲಸಬ್ಯಾಡ" ಎಂದ. ನಾನು ಆಗಲಿ ಎಂದೆ. ಆಗಲಿ ಎನ್ನುವಾಗ ಅದರ ಅರ್ಥ ಏನು ಎಂದು ಯೋಚಿಸಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಇದ್ದಾಗ ಅಪ್ಪ ಹೋದ. ನನ್ನ ಕೈಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಒದ್ದಾಟ ಇಲ್ಲ, ನರಳಾಟ ಇಲ್ಲ. ಒಂದು ಉಸಿರು ಬಿಟ್ಟ, ಮತ್ತೊಂದನ್ನು ಎಳೆದುಕೊಳ್ಳಲಿಲ್ಲ. ನಾನು ಕಾಯ್ದೆ. ಶಿಕ್ಷಕರ ತರಬೇತಿಯಲ್ಲಿ ಪ್ರಥಮ ಚಿಕಿತ್ಸೆ ಕಲಿಸಿದ್ದರು; ಕಲಿತದ್ದನ್ನೆಲ್ಲ ಮಾಡಿದೆ. ಮಣಿಕಟ್ಟು ಒತ್ತಿ ನೋಡಿದೆ. ಎದೆಗೆ ಕಿವಿ ಇಟ್ಟೆ. ಗೋಡೆಯ ಮಾಡದಲ್ಲಿದ್ದ ಕೈಗನ್ನಡಿ ತಂದು ಮೂಗಿನ ಹತ್ತಿರ ಹಿಡಿದೆ, ಎರಡು ನಿಮಿಷ ಹಿಡಿದೆ. ಕನ್ನಡಿ ಮಸುಕಾಗಲಿಲ್ಲ. ಅರೆ ತೆರೆದಿದ್ದ ಕಣ್ಣುಗಳನ್ನು ಮುಚ್ಚಿದೆ, ಕೈಗಳನ್ನು ಎರಡೂ ಬದಿಗೆ ಇಳಿಸಿ ದುಪ್ಪಟಿಯನ್ನು ಎದೆಯವರೆಗೆ ಎಳೆದೆ. ಅಷ್ಟೆಲ್ಲ ಮಾಡುವಾಗ ಪಡಸಾಲೆಯಿಂದ ಮಗ್ಗದ ಸಪ್ಪಳ ಬರುತ್ತಲೇ ಇತ್ತು.

ಬಾಯಿ ತೆರೆದು ಕೂಗಿದರೆ ಆ ಸಪ್ಪಳ ನಿಲ್ಲುತ್ತಿತ್ತು. ಕತ್ತರಿ ಬರುತ್ತಿತ್ತು. ನಾನು ಕೂಗಲಿಲ್ಲ. ಸೆರಗು ಕಚ್ಚಿ ಹಿಡಿದೆ.

ಇನ್ನೊಂದು ಭಯ ಇತ್ತು. ಮೂರು ಗಂಟೆಯ ಹೊತ್ತಿಗೆ ಓಣಿಯ ಹೆಂಗಸರು ಅಪ್ಪನನ್ನು ಮಾತಾಡಿಸಲು ಬರುತ್ತಿದ್ದರು. ಒಬ್ಬರು ಒಳಗೆ ಬಂದರೂ ಮುಗಿಯಿತು. ಅದಕ್ಕೇ ಕೋಣೆಯ ಬಾಗಿಲು ಮುಂದೆ ಮಾಡಿ, ಕುಣಿ ಬಳಸಿ ಹೊರಗೆ ಹೊರಟೆ. ಅವ್ವ ತಲೆ ಎತ್ತದೆ, "ಮಲಗ್ಯಾರೇನು?" ಎಂದಳು.

"ಹೂಂ, ಮಲಗ್ಯಾನ" ಎಂದೆ.

ಹೊರಗಿನ ಕಟ್ಟೆಯ ಮೇಲೆ ಕೂತೆ. ಬೆನ್ನ ಹಿಂದಿನ ಬೀದಿ ಬಾಗಿಲನ್ನು ಎಳೆದುಕೊಂಡಿದ್ದೆ. ಪಕ್ಕದ ಮನೆಯ ಹುಸೇನಬಿ ಒಂದು ಬಟ್ಟಲಲ್ಲಿ ಗಂಜಿ ತಂದಳು. ಈಗಷ್ಟೇ ನಿದ್ದೆ ಹತ್ತಿದೆ ಎಂದು ಅವಳ ಕೈಯಿಂದ ಇಸಿದುಕೊಂಡು ಕಳಿಸಿದೆ. ಮತ್ತಿಬ್ಬರು ಬಂದರು, ಅವರಿಗೂ ಅದನ್ನೇ ಹೇಳಿದೆ. ನಗುನಗುತ್ತ ಹೇಳಿದೆ ಎಂದರೆ ನೀವು ನಂಬಬೇಕು. ಒಳಗೆ ಸತ್ತ ಅಪ್ಪ, ಹೊರಗೆ ನಾನು, ನಡುವೆ ಏನೂ ತಿಳಿಯದೆ ನೇಯುತ್ತಿದ್ದ ಅವ್ವ. ಅಂಥ ಒಂದು ತಾಸನ್ನು ನನ್ನ ವೈರಿಗೂ ಬಯಸುವುದಿಲ್ಲ.

ಪಡಸಾಲೆಯ ಗೋಡೆ ಗಡಿಯಾರ ಅರ್ಧ ತಾಸಿನ ಒಂದು ಪೆಟ್ಟು ಹೊಡೆಯಿತು. ಮೂರೂವರೆ. ಅದರ ಹಿಂದೆಯೇ ಮಗ್ಗ ನಿಂತಿತು. ಅವ್ವ ಎದ್ದು ಕೋಣೆಗೆ ಹೋದಳೋ ಏನೋ ಎಂದುಕೊಂಡು ಕಿವಿಗೊಟ್ಟೆ. ಅವಳು ಏನೋ ಮಾತಾಡಿದಳು, ಮಾತು ತಿಳಿಯಲಿಲ್ಲ, ಮೆಲುದನಿ. ಎಳೆ ತುಂಡಾದರೆ ಅದನ್ನು ಬೈಯುತ್ತ ಕೂಡಿಸುವುದು ಅವಳ ರೂಢಿ. ಅದೇ ಇರಬೇಕು ಎಂದುಕೊಂಡೆ. ಐದು ನಿಮಿಷ ಆಗಿರಬಹುದು, ಲಾಳಿ ಮತ್ತೆ ಓಡತೊಡಗಿತು.

ನಾಲ್ಕು ದಾಟಿದ ಮೇಲೆ ಸಪ್ಪಳ ಪೂರ್ತಿ ನಿಂತಿತು. "ಇಳೀತು ನೋಡ" ಎಂದು ಅವ್ವ ಒಳಗಿನಿಂದಲೇ ಕೂಗಿದಳು. ಆ ದನಿಯಲ್ಲಿ ಸಂತೋಷ ಇತ್ತು. ಅವಳು ಬಟ್ಟೆ ಮಡಿಸುವುದರೊಳಗೆ ನಾನು ಕೋಣೆಗೆ ಹೋದೆ. ಅಪ್ಪನ ಕಣ್ಣುಗಳು ತೆರೆದಿದ್ದವು. ನಾನು ಮುಚ್ಚಿ ಹೋಗಿದ್ದೆ, ಈಗ ತೆರೆದಿದ್ದವು. ಹಾಗಾಗುವುದುಂಟು ಎಂದು ಆಮೇಲೆ ಒಬ್ಬ ಡಾಕ್ಟರು ನನಗೆ ಹೇಳಿದರು. ಆಗ ಅದನ್ನೆಲ್ಲ ಯೋಚಿಸುವ ಸ್ಥಿತಿ ಇರಲಿಲ್ಲ; ಮತ್ತೆ ಮುಚ್ಚಿದೆ, ಮೈ ತಣ್ಣಗಾಗಿತ್ತು. ಆಮೇಲೆ ಕೂಗಿದೆ. ಒಂದು ತಾಸಿನಿಂದ ಒಳಗೆ ಹಿಡಿದಿಟ್ಟಿದ್ದನ್ನೆಲ್ಲ ಸೇರಿಸಿ ಕೂಗಿದೆ. ಓಣಿ ಕೂಡಿತು. ಯಾವಾಗ ಹೋದರು ಎಂದು ಯಾರೋ ಕೇಳಿದರು. ನಾಲ್ಕೂ ಹತ್ತು ಎಂದೆ. ಬೇರೆ ಏನು ಹೇಳಲು ಬರುತ್ತಿತ್ತು?

ರಾತ್ರಿಯ ಹೊತ್ತಿಗೆ ಇಳಕಲ್‌ನಿಂದ ಕಾಕಾ ಬಂದ. ಅಪ್ಪನ ಬೆನ್ನಿಗೆ ಹುಟ್ಟಿದವನು. ಅಪ್ಪ ಹಾಸಿಗೆ ಹಿಡಿದಾಗಿನಿಂದ ಒಂದೇ ಸಲ ಬಂದು ಹೋಗಿದ್ದ, ಅದೂ ಚಹಾ ಕುಡಿಯುವಷ್ಟು ಹೊತ್ತು. ಮರುದಿನ ಮುಂಜಾನೆ ಮಣ್ಣು ಕೊಟ್ಟು ಬಂದೆವು. ಮೈಮೇಲಿನ ನೀರು ಆರಿರಲಿಲ್ಲ, ಅಷ್ಟರಲ್ಲಿ ಕಾಕಾ ಪಂಚಾಂಗದ ಐನೋರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂಡಿಸಿದ. ಜೀವ ಇದ್ದಾಗ ಬಾರದವನಿಗೆ ಸತ್ತ ಮೇಲೆ ಅಣ್ಣನ ನಕ್ಷತ್ರದ ಕಾಳಜಿ ಹತ್ತಿತ್ತು.

ಐನೋರು ಪಂಚಾಂಗದ ಹಾಳೆ ತಿರುವಿದರು, ಬೆರಳು ಮಡಿಸಿದರು, ತುಟಿ ಕಚ್ಚಿದರು. "ನಿನ್ನೆ ಮೂರೂ ಇಪ್ಪತ್ತಕ್ಕ ಶ್ರವಣ ಮುಗದೈತಿ. ಆಮ್ಯಾಲ ಧನಿಷ್ಠಾ ಹತ್ತೈತಿ. ನಾಲ್ಕೂ ಹತ್ತಕ್ಕ ಜೀವ ಹೋಗೈತಿ ಅಂದ್ರ ಧನಿಷ್ಠಾನ ಆತು" ಎಂದರು. ಅಲ್ಲಿದ್ದ ಹೆಂಗಸರು ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಐನೋರಿಗೆ ಹುರುಪು ಬಂತು. ಹುಟ್ಟಲಿಕ್ಕೆ ಧನಿಷ್ಠಾ ಒಳ್ಳೆಯದು, ಸಾಯಲಿಕ್ಕೆ ಬಹಳ ಕೆಟ್ಟದ್ದು. ಅದು ಪಂಚಕ ಎನ್ನುವ ಐದು ಕೆಟ್ಟ ನಕ್ಷತ್ರಗಳ ಗುಂಪಿನಲ್ಲಿ ಮೊದಲನೆಯದು. ಒಬ್ಬರ ಬೆನ್ನಿಗೆ ಐದು ಮಂದಿಯನ್ನು ಎಳೆಯುತ್ತದೆ. ಆರು ತಿಂಗಳು ಮನೆ ಬಿಡಬೇಕು. ದೀಪ ಹಚ್ಚಬಾರದು, ಒಲೆ ಹೊತ್ತಿಸಬಾರದು, ಮಗ್ಗ ಮುಟ್ಟುವುದಂತೂ ದೂರ. ಬಾಗಿಲಿಗೆ ಕೀಲಿ ಹಾಕಿ ಬಾರಿಮುಳ್ಳು ಬಡಿಯಬೇಕು. ಶ್ರವಣದಲ್ಲಿ ಹೋಗಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ ಎಂದು ಬೇರೆ ಹೇಳಿದರು.

ಅವ್ವ ಕುಣಿಯ ಅಂಚಿಗೆ ಕೂತಿದ್ದಳು. ಗಂಡನನ್ನು ಮಣ್ಣಿಗೆ ಇಟ್ಟು ಎರಡು ತಾಸು ಆಗಿರಲಿಲ್ಲ. ಈಗ ಮನೆಯೂ ಹೋಯಿತು, ಮಗ್ಗವೂ ಹೋಯಿತು. ಅವಳ ಕೈ ಸುಮ್ಮನೆ ಮಗ್ಗದ ಗೂಟ ಸವರುತ್ತಿತ್ತು. ಅವಳಿಗೆ ಇನ್ನು ಉಳಿದಿದ್ದದ್ದು ಆ ಮಗ್ಗ ಒಂದೇ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾಲ್ಕೂ ಹತ್ತಕ್ಕ ಅಲ್ಲ. ಮೂರಕ್ಕ ಹತ್ತು ಕಮ್ಮಿ ಇದ್ದಾಗ ಅಪ್ಪ ಹೋದ. ನಾ ಸುಳ್ಳ ಹೇಳಿದ್ದೆ" ಎಂದೆ.

ಕಾಕಾ ನಕ್ಕ. ಹೆಣ ಹೋದ ಮನೆಯಲ್ಲಿ ನಕ್ಕ. "ನಕ್ಷತ್ರ ಕೇಳಿ ಈಗ ವ್ಯಾಳೆ ಬದಲಿ ಮಾಡ್ತಿ? ಭಾಳ ಶಾಣ್ಯಾ ಇದ್ದೀಯವಾ."

ನಾನು ಎಲ್ಲ ಹೇಳಿದೆ. ಅಪ್ಪ ಕೇಳಿಕೊಂಡದ್ದು, ಕನ್ನಡಿ ಹಿಡಿದದ್ದು, ಕಣ್ಣು ಮುಚ್ಚಿದ್ದು, ಕಟ್ಟೆಯ ಮೇಲೆ ಕೂತದ್ದು, ಹುಸೇನಬಿಯನ್ನು ವಾಪಸು ಕಳಿಸಿದ್ದು. ಅವ್ವನ ಮುಖ ನೋಡದೆ ಹೇಳಿದೆ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ. ಗಂಡ ಸತ್ತು ಬಿದ್ದಿದ್ದಾಗ ನೀನು ಒಂದು ತಾಸು ನೇಯುತ್ತ ಕೂತಿದ್ದೆ ಎಂದು ತಾಯಿಗೆ ನಾಲ್ಕು ಮಂದಿಯ ಮುಂದೆ ಹೇಳಬೇಕಾಯಿತು. ಅವಳ ಮನೆ ಉಳಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ.

"ಹೆಣ ಒಳಗ ಇಟ್ಕೊಂಡು ಕಟ್ಟಿಮ್ಯಾಲ ಕುಂತು ಹರಟಿ ಹೊಡೀತಿದ್ದೇನು?" ಎಂದ ಕಾಕಾ. "ಧನಿಷ್ಠಾದಾಗ ಹುಟ್ಟಿದಾಕಿ ನೀನು. ನಿನ್ನಂಥಾಕಿ ತಲಿದೆಸಿಗೆ ಕುಂತ ಮ್ಯಾಲ ನಮ್ಮಣ್ಣಗ ಶ್ರವಣ ಎಲ್ಲಿಂದ ಸಿಗಬೇಕು?"

ನಾನು ಎದ್ದೆ. ಅವನ ಮೇಲೆ ಕೈ ಮಾಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವ್ವ ಮಾತಾಡಿದಳು. ದನಿ ಏರಿಸಲಿಲ್ಲ.

"ಮಗಳು ತಪ್ಪ ತಿಳದಾಳ. ಮೂರಕ್ಕ ಅವರು ಹೋಗಿಲ್ಲ. ಗಡಿಯಾರ ಅರ್ಧ ತಾಸಿಂದು ಹೊಡದಾಗ ಎದ್ದು ಬಂದಿದ್ರು."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹೇಳಿದ್ದು ಇಷ್ಟು. ಒಂದು ಎಳೆ ತುಂಡಾಗಿತ್ತು. ಅದನ್ನು ಹುಡುಕುತ್ತ ಬಗ್ಗಿದ್ದಾಗ ಅಪ್ಪ ಗೋಡೆ ಹಿಡಿದುಕೊಂಡು ಬಂದ. ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ. ಅವ್ವ ಗಂಟು ಹಾಕಲು ಹೋದಾಗ, ಗಂಟು ಬೇಡ, ಕೊಡು ಇಲ್ಲಿ ಎಂದು ಬೆರಳಿಗೆ ವಿಭೂತಿ ಹಚ್ಚಿಕೊಂಡು ಎರಡೂ ತುದಿ ಸೇರಿಸಿ ಹೊಸೆದ. ಆಮೇಲೆ ಎದ್ದು ಒಳಗೆ ಹೋದ. ಅಷ್ಟೇ.

ಅಪ್ಪ ಇಪ್ಪತ್ತು ದಿನದಿಂದ ಇಬ್ಬರು ಹಿಡಿಯದೆ ಎದ್ದು ಕೂತವನಲ್ಲ. ಗೋಡೆ ಹಿಡಿದು ನಡೆದು ಬಂದನೇ? ಆದರೆ ಎಳೆಯನ್ನು ಗಂಟಿಲ್ಲದೆ ಹೊಸೆದು ಕೂಡಿಸುವುದು ಅಪ್ಪನ ಕೈಚಳಕ. ಅವ್ವನಿಗೆ ಅದು ಕೊನೆಯವರೆಗೂ ಕೂಡಿಬರಲಿಲ್ಲ, ಅವಳು ಗಂಟೇ ಹಾಕುತ್ತಿದ್ದಳು. ಇಳಿಸಿದ ಬಟ್ಟೆ ಅಲ್ಲೇ ಮಗ್ಗದ ಮೇಲೆ ಮಡಿಸಿ ಇಟ್ಟಿತ್ತು. ಎಲ್ಲರ ಮುಂದೆ ಅದನ್ನು ಬಿಚ್ಚಿ ಕೊನೆಯ ಒಂದೂವರೆ ಮೊಳವನ್ನು ಅಂಗುಲ ಅಂಗುಲ ಬೆರಳಿನಿಂದ ಸವರಿದೆ, ಒಳಮೈ ಹೊರಮೈ ಎರಡೂ. ಒಂದು ಗಂಟೂ ಸಿಗಲಿಲ್ಲ.

ಐನೋರು ಪಂಚಾಂಗ ಮುಚ್ಚಿದರು. "ನೋಡ್ರಿ, ಹೆಂಡ್ತಿ ಬಾಯಿಂದನ ಬಂತು. ಮೂರೂವರಿಗೆ ಜೀವ ಇತ್ತು ಅಂದ್ರ ಧನಿಷ್ಠಾನ" ಎಂದರು. ಕಾಕಾನ ಮುಖ ಅರಳಿತು. ನಾನು ಅವ್ವನ ಕಾಲು ಹಿಡಿದು, ಹಾಗನ್ನಬೇಡ, ನಾನು ಕನ್ನಡಿ ಹಿಡಿದು ನೋಡಿದ್ದೇನೆ, ನಿನ್ನ ಮನೆ ಹೋಗುತ್ತದೆ ಎಂದು ಬೇಡಿಕೊಂಡೆ. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟು, "ಹೋದ್ರ ಹೋಗ್ಲಿ ಯವ್ವಾ. ಬಂದದ್ದು ಖರೆ. ಬಂದಿಲ್ಲ ಅಂತ ಹೆಂಗ ಹೇಳ್ಲಿ?" ಎಂದಳು.

ಅವತ್ತು ಸಂಜೆಯೊಳಗೆ ಬಾಗಿಲಿಗೆ ಮುಳ್ಳು ಬಿತ್ತು. ಕೀಲಿಯನ್ನು ಅವ್ವನೇ ಹಾಕಿದಳು. ಇಳಕಲ್‌ಗೆ ಬಾ ಎಂದು ಕಾಕಾ ಬಾಯಿಮಾತಿಗೂ ಕರೆಯಲಿಲ್ಲ. ಐದು ಮಂದಿಯನ್ನು ಎಳೆಯುವ ಸಾವಲ್ಲವೇ, ಹಾಗೆ ಸತ್ತವನ ಹೆಂಡತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ಯಾರಿಗೆ? ಅವ್ವನನ್ನು ಕಮತಗಿಗೆ ನನ್ನ ಕೋಣೆಗೆ ಕರೆದುಕೊಂಡು ಹೋದೆ.

ಆ ಆರು ತಿಂಗಳನ್ನು ನಾನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ. ನಾನು ಸಾಲೆಗೆ ಹೋದರೆ ಅವ್ವ ಒಬ್ಬಳೇ ಗೋಡೆಗೆ ಆತು ಕಾಲು ಚಾಚಿ ಕೂತಿರುತ್ತಿದ್ದಳು. ನಾನು ಬಂದಾಗಲೂ ಹಾಗೆಯೇ ಇರುತ್ತಿದ್ದಳು. ಕಾಲುಗಳು ಒಮ್ಮೊಮ್ಮೆ ತಾವಾಗಿಯೇ ಆಡುತ್ತಿದ್ದವು, ಕುಣಿಯೊಳಗೆ ಮಗ್ಗದ ತುಳಿಗೋಲು ಒತ್ತುವಂತೆ. ಊಟ ಕಮ್ಮಿಯಾಯಿತು. ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗಿ ಸುಲಿಯತೊಡಗಿತು. ಅದನ್ನು ನನಗೆ ತೋರಿಸಿ, "ನೋಡ, ಕೈ ಸತ್ತು ಹೊಂಟಾವ" ಎಂದಳು ಒಂದು ದಿನ. ಅವತ್ತು ಐನೋರು ನನ್ನೆದುರು ಸಿಕ್ಕಿದ್ದರೆ ಅವರ ಪಂಚಾಂಗ ಒಲೆಗೆ ಹೋಗುತ್ತಿತ್ತು. ಅತ್ತ ಬೀಗ ಹಾಕಿದ ಮನೆಯಲ್ಲಿ ಗೆದ್ದಲು ಹಿಡಿದು ಮಗ್ಗದ ಎರಡು ಗೂಟ ತಿಂದು ಹಾಕಿತ್ತು. ಪಂಚಕ ಎಳೆಯುತ್ತದೆ ಎಂದಿದ್ದ ಐದು ಮಂದಿಯಲ್ಲಿ ಒಬ್ಬರೂ ಹೋಗಲಿಲ್ಲ. ಕಾಕಾ ಅಂತೂ ಇನ್ನೂ ದಪ್ಪಗಾದ.

ನಾನು ನನಗೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಅವ್ವ ಹೇಳಿದ್ದು ಸುಳ್ಳು. ನನ್ನನ್ನು ಉಳಿಸಲು ಹೇಳಿದ ಸುಳ್ಳು. ತಂದೆಯ ಹೆಣ ಮುಚ್ಚಿಟ್ಟ ಮಗಳು ಎಂದು ಊರು ಆಡಿಕೊಳ್ಳಬಾರದು, ಕಾಕಾನ ಬಾಯಿ ಮುಚ್ಚಬೇಕು ಎಂದು ಆ ಗಳಿಗೆಯಲ್ಲಿ ಹುಟ್ಟಿಸಿದ ಕತೆ. ಅದಕ್ಕಾಗಿ ಮನೆಯನ್ನೇ ಬಿಟ್ಟುಕೊಟ್ಟಳು. ಗಂಟು ಸಿಗಲಿಲ್ಲ ಎಂದರೆ ಎಳೆ ತುಂಡಾಗಿಯೇ ಇರಲಿಲ್ಲ. ಮಗ್ಗ ಐದು ನಿಮಿಷ ನಿಂತದ್ದು ನೀರು ಕುಡಿಯಲು ಇರಬಹುದು. ಮೆಲುದನಿಯ ಮಾತು ಅವಳ ರೂಢಿಯ ಮಾತು. ಕಣ್ಣು ತೆರೆದದ್ದಕ್ಕೆ ಡಾಕ್ಟರರ ಉತ್ತರ ಇತ್ತು. ಹೀಗೆ ಎಲ್ಲವನ್ನೂ ಹೊಂದಿಸಿಟ್ಟುಕೊಂಡು ನಾನು ನಿದ್ದೆ ಮಾಡುತ್ತಿದ್ದೆ. ಅವ್ವನ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂದಿತ್ತು.

ಆರು ತಿಂಗಳು ಮುಗಿಯಲು ಒಂದು ವಾರ ಇತ್ತು. ಬೇಸಿಗೆ ರಜೆ. ಬೆಳಗಿನ ಹೊತ್ತು ಬಾಗಿಲಲ್ಲಿ ಕೂತು ಇಬ್ಬರೂ ಶೇಂಗಾ ಸುಲಿಯುತ್ತಿದ್ದೆವು. ಹತ್ತಿರ ಬೇರೆ ಯಾರೂ ಇರಲಿಲ್ಲ. ಊರಿಗೆ ಹೋಗುವ ದಿನ ಬಂತೆಂದು ಅವ್ವ ಗೆಲುವಾಗಿದ್ದಳು. ಅವಳಿಗೆ ಕೃತಜ್ಞತೆ ಹೇಳಬೇಕು ಅನ್ನಿಸಿತು ನನಗೆ. "ಅವ್ವಾ, ಅವತ್ತು ನನ್ನ ಸಲುವಾಗಿ ಅಷ್ಟು ದೊಡ್ಡ ಸುಳ್ಳ ಹೇಳಿದಿ. ನಾ ಅದನ್ನ ಎಂದೂ ಮರಿಯಂಗಿಲ್ಲ" ಎಂದೆ.

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಯಾವ ಸುಳ್ಳ?"

"ಅಪ್ಪ ಎದ್ದು ಬಂದ ಅಂದದ್ದು."

ಅವ್ವನಿಗೆ ಕಣ್ಣು ತುಂಬಿ ಬಂತು. ಅಪ್ಪ ಹೋದಾಗಲೂ ಆಕೆ ಹಾಗೆ ಅತ್ತಿರಲಿಲ್ಲ.

"ಸುಳ್ಳ ಹೇಳಿಲ್ಲ ಯವ್ವಾ, ಅವತ್ತು ಒಂದು ಮಾತು ಮುಚ್ಚಿಟ್ಟೆ. ಎಳಿ ಕೂಡಿಸಿ ಆದ ಮ್ಯಾಲ ಅವರು, ಆಕಿ ಹೊರಗ ಒಬ್ಬಾಕಿನ ಕುಂತಾಳ, ಒಳಗ ಕರಿ ಅಂದ್ರು. ಇನ್ನೊಂದು ಗೇಣು ಐತಿ, ಮುಗಿಸಿ ಕರೀತೇನಿ ಅಂದೆ ನಾ. ಹೂಂ ಅಂದು ಹೋದ್ರು. ನಾ ಆಗನ ನಿನ್ನ ಕರೀಬೇಕಾಗಿತ್ತು. ಕರೀಲಿಲ್ಲ."

ಅವ್ವ ಊರಿಗೆ ಹೋದಳು, ಗೂಟ ಬದಲಿಸಿ ಮಗ್ಗ ಹೂಡಿದಳು, ಎಂಬತ್ತರ ದಶಕದ ಉದ್ದಕ್ಕೂ ನೇಯ್ದಳು. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಶ್ರವಣವೋ ಧನಿಷ್ಠಾವೋ ಎನ್ನುವುದು ನನಗೆ ಇವತ್ತಿಗೂ ಬೇಕಾಗಿಲ್ಲ. ಅದನ್ನು ಹಿಡಿದುಕೊಂಡು ಐನೋರು ಬೇಕಾದರೆ ಹೊಟ್ಟೆ ಹೊರೆದುಕೊಳ್ಳಲಿ. ಸತ್ತವನು ಎದ್ದು ಬಂದ ಎಂದರೆ ನಾನು ನಂಬುವುದಿಲ್ಲ, ಸಾಯುವವರೆಗೂ ನಂಬುವುದಿಲ್ಲ. ಹಾಗಾದರೆ ಅಪ್ಪ ಆಗ ಬದುಕಿದ್ದ ಎಂದು ಒಪ್ಪಿಕೊಳ್ಳಬೇಕು. ನನ್ನನ್ನು ಕರೆಯಲು ಹೇಳಿದ, ಒಳಗೆ ಹೋಗಿ ಬಾಗಿಲ ಕಡೆ ಕಣ್ಣು ಬಿಟ್ಟುಕೊಂಡು ಮಲಗಿದ, ನಾನು ಇಪ್ಪತ್ತು ಹೆಜ್ಜೆ ಆಚೆ ಕಟ್ಟೆಯ ಮೇಲೆ ಕೂತು ಅವನು ಮಲಗಿದ್ದಾನೆ ಎಂದು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದೆ. ಎರಡರಲ್ಲಿ ಯಾವುದನ್ನು ನಂಬಲಿ, ನೀವೇ ಹೇಳಿ.